ಗಡಿನಾಡಿನ ವಾಚನಾಲಯಗಳೂ ಎಳೆಯ ವಾಚಕರೂ

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುವ ಈ ಸಂಸ್ಮರಣ ಗ್ರಂಥದಲ್ಲಿ ಗುರುಪರಂಪರೆಯನ್ನೂ ದಾಸೋಹದ ಚರಿತ್ರೆಯನ್ನೂ ಪಾಠಶಾಲೆಯ ಬೆಳವಣಿಗೆಯನ್ನೂ ಕುರಿತು ನಮಗಿಂತ ಬಲ್ಲವರಾದ ವಿದ್ವಾಂಸರು ಬರೆದಿರುವರು. ನಮ್ಮ ಪಾಲಿಗೆ ಬಂದುದು ಅದಕ್ಕಿಂತ ಸಣ್ಣ ವಿಷಯ. ಆದರೆ ದಿನಾಲು ನಮ್ಮ ಕಣ್ಣ ಮುಂದೆ ಇರುವಂಥದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಹದಿಹರೆಯದ ಹುಡುಗ ಹುಡುಗಿಯರ ಕೈಗೆ ಕಾದಂಬರಿಗಳೂ ಆತ್ಮಚರಿತ್ರೆಗಳೂ ಹೇಗೆ ಬಂದವು, ಯಾರು ತಂದುಕೊಟ್ಟರು, ಇದನ್ನು ಓದು ಎಂದು ಯಾರು ಯಾರಿಗೆ ಹೇಳಿದರು ಎಂಬದನ್ನು ತಿಳಿದ ಮಟ್ಟಿಗೆ ಇಲ್ಲಿ ನಿವೇದಿಸುವೆವು. ಮಠದ ಗ್ರಂಥದಲ್ಲಿ ಕಾದಂಬರಿಯ ಮಾತೇಕೆಂದು ಕೆಲವು ಸದ್ಭಕ್ತರು ಕೇಳಬಹುದು. ಈ ಪ್ರಶ್ನೆಯನ್ನು ನಾವೂ ಒಂದು ಕಾಲಕ್ಕೆ ಕೇಳಿದವರೇ. ಅದರ ಫಲವೇನಾಯಿತೆಂಬದನ್ನು ಮುಂದೆ ಮುಚ್ಚುಮರೆಯಿಲ್ಲದೆ ಹೇಳಲಿರುವೆವು.

ಮೊದಲು ಶಬ್ದದ ವಿಚಾರ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇಂಥ ಗದ್ಯಕಥೆಗೆ 'ಕಾದಂಬರಿ' ಎಂಬ ಒಂದೇ ಹೆಸರು ಸಲ್ಲುತ್ತದೆ. ಅದು ಏಳನೆಯ ಶತಮಾನದ ಬಾಣಭಟ್ಟನ ಕೃತಿಯ ನಾಯಿಕೆಯ ಹೆಸರು. ಬಾಣನು ಅರ್ಧಕ್ಕೆ ಬಿಟ್ಟುದನ್ನು ಅವನ ಮಗನು ಪೂರ್ತಿಗೊಳಿಸಿದನು. ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಪಾಠಶಾಲೆಯಲ್ಲಿ ನಾವು ಬಾಣನ ಕಾದಂಬರಿಯನ್ನು ಹಗಲಿನಲ್ಲಿ ಅನ್ವಯ ಸಹಿತ ಒಪ್ಪಿಸುತ್ತಿದ್ದೆವು. ರಾತ್ರಿ ಕನ್ನಡ ಕಾದಂಬರಿಯನ್ನು ಕೌಮುದಿಯ ಹೊತ್ತಿಗೆಯ ಒಳಗಿಟ್ಟು ಓದಿ ಸಿಕ್ಕಿಬಿದ್ದರೆ ಮರುದಿನ ಹಿತ್ತಿಲಿನ ಗಿಡಗಳಿಗೆಲ್ಲ ನೀರೆರೆಯಬೇಕಾಗುತ್ತಿತ್ತು. ಹಗಲಿನ ಕಾದಂಬರಿಗೆ ಪ್ರಶಸ್ತಿ, ರಾತ್ರಿಯ ಕಾದಂಬರಿಗೆ ಶಿಕ್ಷೆ! ಆತ್ಮಚರಿತ್ರೆಯೂ ಹಾಗೆಯೇ. ಅದು ಆಂಗ್ಲರಿಂದ ಬಂದ ಪದ್ಧತಿಯೆಂದು ಹಲವರು ಹೇಳುವರು. ಆದರೆ ಬಾಣನು ಹರ್ಷಚರಿತದ ಮೊದಲ ಉಚ್ಛ್ವಾಸಗಳಲ್ಲಿ ತನ್ನ ಕುಲವನ್ನೂ ತನ್ನ ಪುಂಡಾಟಿಕೆಯ ತಾರುಣ್ಯವನ್ನೂ ಹೇಳಿಕೊಂಡಿರುವನು. ನಮ್ಮ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕಾಶ್ಮೀರದ ಬಿಲ್ಹಣನು ವಿಕ್ರಮಾಂಕದೇವಚರಿತದ 18ನೆಯ ಸರ್ಗವನ್ನು ತನ್ನ ಊರು, ಮನೆತನ, ತಿರುಗಾಟಗಳ ಕಥೆಗೇ ಮೀಸಲಿಟ್ಟಿರುವನು. ಆದುದರಿಂದ ಈ ಎರಡೂ ಬಗೆಯ ಗ್ರಂಥಗಳು ನಮಗೆ ಪರಕೀಯವೆಂಬ ಮಾತು ನಿಲ್ಲುವಂತಿಲ್ಲ.

ಅಚ್ಚಿನ ಪುಸ್ತಕಗಳು ಬರುವದಕ್ಕೆ ಪೂರ್ವದಲ್ಲಿ ಈ ಭಾಗದ ಎಳೆಯರಿಗೆ ಕಥೆಯ ರುಚಿಯನ್ನು ಹತ್ತಿಸಿದ್ದು ಮಠಗಳ ಪುರಾಣ ಪ್ರವಚನಗಳೇ. ಶ್ರಾವಣ ಮಾಸದಲ್ಲಿ ಭೀಮಕವಿಯ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ ಇವುಗಳನ್ನು ತಿಂಗಳುಗಟ್ಟಲೆ ಹೇಳುವ ವಾಡಿಕೆ. ಓದುವವನೊಬ್ಬ, ಅರ್ಥ ಹೇಳುವವನೊಬ್ಬ, ಕೇಳುವವರು ಊರೆಲ್ಲ. ಮುಂದಿನ ವರ್ಷ ಯಾವ ಪುರಾಣವನ್ನು ಹಚ್ಚಬೇಕೆಂಬದನ್ನು ಶಾಸ್ತ್ರಿಗಳೊಬ್ಬರೇ ನಿರ್ಣಯಿಸುತ್ತಿರಲಿಲ್ಲ. ಮಂಗಲದ ದಿವಸ ದೈವದವರು ಕೂಡಿ ಇಂಥದೇ ಆಗಲೆಂದು ಬೇಡಿಕೊಳ್ಳುತ್ತಿದ್ದರು. ಅಂಥ ಸಭೆಯಲ್ಲಿ ಕಂಬಕ್ಕೆ ಒರಗಿ ಕುಳಿತ ಹುಡುಗರು ಗೊಗ್ಗಯ್ಯನ ಪ್ರಸಂಗವನ್ನು ಇನ್ನೊಮ್ಮೆ ಹೇಳಿರೆಂದು ಕೂಗಿದರೆ ಹಿರಿಯರು ನಗುತ್ತಿದ್ದರೇ ಹೊರತು ಗದರಿಸುತ್ತಿರಲಿಲ್ಲ. ಓದುಗನು ಗ್ರಂಥವನ್ನು ಸೂಚಿಸುವ ಪದ್ಧತಿಯು ನಮ್ಮಲ್ಲಿ ಅಷ್ಟು ಹಳೆಯದು.

ಅಚ್ಚಿನ ಕಾಲ ಬಂದ ಮೇಲೆ ಭಾಷೆಯ ತೊಡಕು ಹುಟ್ಟಿತು. ಈ ಪ್ರಾಂತವು ಮುಂಬಯಿ ಇಲಾಖೆಗೆ ಸೇರಿತ್ತು; ರಾಯಬಾಗವು 1949ರಲ್ಲಿ ವಿಲೀನವಾಗುವವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಶಾಲೆಯಲ್ಲಿ ಮರಾಠಿ ಅಕ್ಷರ ಕಲಿಯುವದು ಸರ್ವಸಾಧಾರಣವಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮವನ್ನು ವಾಚಕರು ಬಲ್ಲರು. 1881ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕನ್ನಡ ಓದಬಲ್ಲ ಹುಡುಗರ ಒಂದು ತಲೆಮಾರು ಸಿದ್ಧವಾಗಿತ್ತು. ಆದರೆ ಅವರು ಓದಬೇಕಾದ ಪುಸ್ತಕಗಳೆಲ್ಲಿ? ಬೆಳಗಾವಿಯ ವಾಚನಾಲಯವು 1848ರಲ್ಲಿ, ಕೊಲ್ಲಾಪುರದ್ದು 1850ರಲ್ಲಿ ಹುಟ್ಟಿದವು. ಎರಡೂ ದೊಡ್ಡ ಸಂಸ್ಥೆಗಳೇ, ಎರಡಕ್ಕೂ ನಮ್ಮ ಪ್ರಾಂತವು ಋಣಿಯಾಗಿದೆ. ಆದರೆ ಅಲ್ಲಿಯ ಕಥೆಯ ಪುಸ್ತಕಗಳಲ್ಲಿ ಮರಾಠಿಯದೇ ಮೇಲುಗೈ. ಛತ್ರಪತಿ ಶಾಹೂ ಮಹಾರಾಜರು ಕೊಲ್ಲಾಪುರದಲ್ಲಿ ಬೇರೆಬೇರೆ ಸಮಾಜಗಳ ಮಕ್ಕಳಿಗೆ ವಸತಿಗೃಹಗಳನ್ನು ತೆರೆಯಿಸಿದಾಗ ವೀರಶೈವ ಲಿಂಗಾಯತ ಮಕ್ಕಳಿಗೂ 1907ರಲ್ಲಿ ಒಂದಾಯಿತು. ಅಂಥಲ್ಲಿ ಕಲಿತು ಬಂದವರ ಪೆಟ್ಟಿಗೆಯಲ್ಲಿ ಹರಿ ನಾರಾಯಣ ಆಪಟೆಯವರ ಕಾದಂಬರಿಗಳಿದ್ದರೆ ಆಶ್ಚರ್ಯವೇನು? ಇನ್ನೊಂದು ಸಂಗತಿಯು ನಮ್ಮ ಜನಕ್ಕೆ ಅಷ್ಟಾಗಿ ತಿಳಿಯದು: ಮರಾಠಿಯ ಮೊದಲ ಕಾದಂಬರಿಯೆನಿಸಿದ 'ಯಮುನಾ ಪರ್ಯಟನ'ವನ್ನು 1857ರಲ್ಲಿ ಪ್ರಕಟಿಸಿದ ಬಾಬಾ ಪದಮನಜಿಯವರು ಹುಟ್ಟಿದ್ದು ಬೆಳಗಾವಿಯಲ್ಲಿ. ತಮ್ಮ ಜೀವನದ ಕಥೆಯನ್ನೂ 'ಅರುಣೋದಯ' ಎಂಬ ಹೆಸರಿನಿಂದ ಅವರೇ ಬರೆದಿರುವರು. ಕಾದಂಬರಿ, ಆತ್ಮಚರಿತ್ರೆ ಎರಡಕ್ಕೂ ಕೈಹಾಕಿದ ಈ ಪುರುಷನು ನಮ್ಮ ಜಿಲ್ಲೆಯ ಕೂಸು.

ಕನ್ನಡದ ಪಕ್ಷದಲ್ಲಿ ಈ ಕೊರತೆಯನ್ನು ತುಂಬಿದವರಲ್ಲಿ ಗಳಗನಾಥರ ಹೆಸರು ಮೊದಲು ಬರುವದು. ವೆಂಕಟೇಶ ತಿರಕೋ ಕುಲಕರ್ಣಿಯೆಂಬ ಈ ಶಾಲಾ ಮಾಸ್ತರರು 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕಿಳಿಸಿದರು, ಸ್ವತಂತ್ರವಾಗಿಯೂ ಬರೆದರು, ಬಳಿಕ ಆ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಈ ಕೊನೆಯ ಮಾತನ್ನು ಓದುಗರು ತುಸು ನಿಂತು ಯೋಚಿಸಬೇಕು. ಗ್ರಂಥಕರ್ತನೇ ಗ್ರಂಥಪಾಲಕನಾಗಿ, ಕಟ್ಟೆಯ ಮೇಲೆ ಗಂಟು ಬಿಚ್ಚಿ, ನಿನಗೆ ಈ ಪುಸ್ತಕ ತಕ್ಕದ್ದೆಂದು ಎದುರಿಗಿದ್ದವನಿಗೆ ಆರಿಸಿ ಕೊಡುವನು! ಇದಕ್ಕಿಂತ ದೊಡ್ಡ ಸಂಚಾರಿ ವಾಚನಾಲಯವು ಯಾವ ಸರಕಾರದಿಂದ ಆದೀತು? ಬಾಗಲಕೋಟೆಯ ಕೆರೂರ ವಾಸುದೇವಾಚಾರ್ಯರ 'ಇಂದಿರೆ' 1908ರಲ್ಲಿ ಹೊರಬಂದಿತು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿ, ಚಂದಾ ಕೊಟ್ಟವರ ಮನೆಗೆ ಪುಸ್ತಕ ಕಳಿಸುವ ಪದ್ಧತಿಯನ್ನು ಹಾಕಿದ ಮೇಲೆ ಹಳ್ಳಿಯ ಮಾಸ್ತರರ ಮನೆಗೂ ಟಪಾಲಿನಲ್ಲಿ ಕಾದಂಬರಿ ಬರುವಂತಾಯಿತು.

ಮಾಸ್ತರರೆಂದೊಡನೆ ಶೇಡಬಾಳದ ಮಿರ್ಜಿ ಅಣ್ಣಾರಾಯರ ಸ್ಮರಣೆಯಾಗುವದು. ಆಗ ಅಥಣಿ ತಾಲೂಕಿಗೆ ಸೇರಿದ್ದು ಈಗ ಕಾಗವಾಡ ತಾಲೂಕಿನಲ್ಲಿರುವ ಆ ಊರಿನಲ್ಲಿ 1918ರಲ್ಲಿ ಹುಟ್ಟಿ, ಶಾಲಾ ಶಿಕ್ಷಕರಾಗಿ ದುಡಿದು, 1975ರಲ್ಲಿ ಕಾಲವಾದ ಅವರು ಬರೆದ 'ನಿಸರ್ಗ'ವು ಈ ಗಡಿಯ ಒಕ್ಕಲು ಮನೆಗಳ ಬಾಳನ್ನೂ ಆಡುಮಾತನ್ನೂ ಹಾಗೆ ಹಾಗೆಯೇ ಕಾದಂಬರಿಗೆ ತಂದ ಗ್ರಂಥ. 'ರಾಮಣ್ಣ ಮಾಸ್ತರು' ಎಂಬ ಇನ್ನೊಂದು ಕೃತಿಯೂ ಅವರದು. ಅಲ್ಲಿಯವರೆಗೆ ನಮ್ಮ ಹುಡುಗರು ಓದಿದ ಕಾದಂಬರಿಗಳಲ್ಲಿ ವಿಜಯನಗರವಿತ್ತು, ಪುಣೆಯಿತ್ತು, ಮೈಸೂರು ಇತ್ತು; ತಮ್ಮ ಅವ್ವ ಆಡುವ ಮಾತು ಇರಲಿಲ್ಲ. ನಮ್ಮ ವಾಚನಾಲಯದಲ್ಲಿ 'ನಿಸರ್ಗ'ವನ್ನು ಮೊದಲ ಸಲ ಒಯ್ದ ಒಕ್ಕಲಿಗರ ಹುಡುಗನೊಬ್ಬ ಮರುದಿನವೇ ಓಡಿಬಂದು, "ಶಾಸ್ತ್ರಿಗಳ, ಇದರಾಗ ನಮ್ಮ ಮನ್ಯಾಗಿನ ಮಾತ ಬರದಾರಲ್ರಿ!" ಎಂದು ಬೆರಗಾಗಿ ನಿಂತಿದ್ದನು. ವಾರದೊಳಗೆ ಅವನ ಓಣಿಯಿಂದ ನಾಲ್ವರು ಅದೇ ಪುಸ್ತಕವನ್ನು ಕೇಳಿಕೊಂಡು ಬಂದರು. ಇದ್ದ ಪ್ರತಿಯಾದರೋ ಒಂದೇ! ಪುಸ್ತಕದ ವಿಷಯದಲ್ಲಿ ಒಬ್ಬ ಹುಡುಗನು ಇನ್ನೊಬ್ಬನಿಗೆ ಹೇಳುವ ಮಾತಿಗೆ ಇರುವ ಬಲವು ನಮ್ಮಂಥ ಶಾಸ್ತ್ರಿಯ ಉಪದೇಶಕ್ಕಿಲ್ಲವೆಂಬದು ಅಂದು ನಮಗೆ ಮನದಟ್ಟಾಯಿತು.

ನಿಪ್ಪಾಣಿಯ ಕಥೆಯೇ ಬೇರೆ. ತಂಬಾಕಿನ ಪೇಟೆಯಾದ ಆ ಊರಿನಲ್ಲಿ ಎರಡು ಭಾಷೆಗಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುವವು. ಕೊಲ್ಲಾಪುರದಲ್ಲಿ ನೆಲೆಸಿದ್ದ ವಿ. ಸ. ಖಾಂಡೇಕರರ ಕಾದಂಬರಿಗಳನ್ನು ಅಲ್ಲಿಯವರು ಮೂಲದಲ್ಲಿಯೇ ಓದುವರು. 1959ರಲ್ಲಿ ಪ್ರಕಟವಾದ ಅವರ 'ಯಯಾತಿ'ಗೆ 1974ರ ಜ್ಞಾನಪೀಠ ಪ್ರಶಸ್ತಿ ದೊರೆಯಿತು, ವಿ. ಎಂ. ಇನಾಮದಾರರು ಅದನ್ನು ಕನ್ನಡಿಸಿದುದರಿಂದ ಚಿಕ್ಕೋಡಿಯ ಹುಡುಗನೂ ನಿಪ್ಪಾಣಿಯ ಹುಡುಗನೂ ಅದೇ ಕಥೆಯನ್ನು ಎರಡು ಭಾಷೆಗಳಲ್ಲಿ ಓದಿ ವಾದಿಸುವಂತಾಯಿತು. ನಿಪ್ಪಾಣಿಯವರೇ ಆದ ಮಹಾದೇವ ಮೋರೆಯವರು ಹಿಟ್ಟಿನ ಗಿರಣಿ ನಡೆಸುತ್ತ ಮೋಟಾರು ಚಾಲಕರ, ತಂಬಾಕಿನ ವಖಾರಿಯ ಹೆಂಗಸರ ಬಾಳನ್ನು ಮರಾಠಿಯಲ್ಲಿ ಬರೆದರು. 2024ರಲ್ಲಿ ಅವರು ತೀರಿಕೊಂಡರು. ರಾಜಕಾರಣದ ಗಡಿವಾದವನ್ನು ಇಲ್ಲಿ ಎತ್ತುವದು ನಮ್ಮ ಉದ್ದೇಶವಲ್ಲ. ಎರಡು ಭಾಷೆ ಬಲ್ಲ ಹುಡುಗನಿಗೆ ಎರಡು ಕಪಾಟುಗಳು ತೆರೆದಿರುವವೆಂದಷ್ಟೇ ಹೇಳುವೆವು. ಒಂದನ್ನು ಮುಚ್ಚಿದರೆ ನಷ್ಟವು ಹುಡುಗನದೇ.

ಆತ್ಮಚರಿತ್ರೆಗಳ ವಿಷಯ ಇಷ್ಟು ವಿಸ್ತಾರವಾಗಿಲ್ಲ. 1924ರ ಡಿಸೆಂಬರದಲ್ಲಿ ಮಹಾತ್ಮರು ಬೆಳಗಾವಿಯ ಮಹಾಸಭೆಗೆ ಅಧ್ಯಕ್ಷರಾಗಿದ್ದರು. ಮರುವರ್ಷವೇ ತಮ್ಮ ಆತ್ಮಕಥೆಯನ್ನು ನವಜೀವನ ಪತ್ರಿಕೆಯಲ್ಲಿ ಬರೆಯಲಾರಂಭಿಸಿದರು. ಅವರನ್ನು ಕಣ್ಣಾರೆ ಕಂಡ ಪ್ರಾಂತದಲ್ಲಿ ಆ ಗ್ರಂಥಕ್ಕೆ ವಾಚಕರು ದೊರೆತುದು ಸಹಜವೇ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಅನುವಾದವು ನಮ್ಮ ಕಪಾಟಿನಲ್ಲಿಯೂ ಇದೆ. ಸಾನೆ ಗುರೂಜಿಯವರು 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದ 'ಶ್ಯಾಮಚೀ ಆಯಿ' ಆತ್ಮಚರಿತ್ರೆಯೋ ಕಾದಂಬರಿಯೋ ಎಂದು ಪಂಡಿತರು ಚರ್ಚಿಸಲಿ. ಮಕ್ಕಳು ಅದನ್ನು ಅಳುತ್ತ ಓದುವರು, ಅಷ್ಟು ಸಾಕು. ನಮ್ಮ ಸಮಾಜದ ಹರ್ಡೇಕರ ಮಂಜಪ್ಪನವರೂ ತಮ್ಮ ಸೇವಾಜೀವನದ ವೃತ್ತಾಂತವನ್ನು ತಾವೇ ಬರೆದಿಟ್ಟಿರುವರು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು 1921ರಲ್ಲಿ ಲಿಂಗೈಕ್ಯರಾದರು. ಅವರಂಥವರ ಚರಿತ್ರೆಗಳನ್ನು ಶಿಷ್ಯರು ಬರೆದಿರುವರಾದರೂ ಶರಣರು ತಮ್ಮನ್ನು ಕುರಿತು ತಾವು ಬರೆಯಲೊಲ್ಲರು. ನಾನೆಂಬದನ್ನು ಅಳಿದವನು ಆತ್ಮಕಥೆಯನ್ನು ಹೇಗೆ ಬರೆಯಬೇಕು? ಆದರೆ ಬಾಳಿನಲ್ಲಿ ನೊಂದವನು ಬರೆಯಲೇಬೇಕಾಗುವದು. 1978ರಲ್ಲಿ ದಯಾ ಪವಾರರ 'ಬಲುತಂ', 1984ರಲ್ಲಿ ಶರಣಕುಮಾರ ಲಿಂಬಾಳೆಯವರ 'ಅಕ್ಕರಮಾಶಿ' ಮರಾಠಿಯಲ್ಲಿ ಬಂದವು. ಕನ್ನಡದಲ್ಲಿ 1994ರಲ್ಲಿ ಅರವಿಂದ ಮಾಲಗತ್ತಿಯವರ 'ಗವರ್ನಮೆಂಟ್ ಬ್ರಾಹ್ಮಣ' ಬಂದಿತು. ನಿಪ್ಪಾಣಿಯು 1925ರಲ್ಲಿ ಡಾಕ್ಟರ ಅಂಬೇಡಕರರು ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತನಾಡಿದ ಊರು. ಅಲ್ಲಿಯ ಎಳೆಯರು ಈ ಗ್ರಂಥಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುವದರಲ್ಲಿ ಅರ್ಥವಿದೆ. ಬಸವಣ್ಣನವರ ಹೆಸರು ಹೇಳುವ ನಾವು ಇವುಗಳನ್ನು ಓದದೆ ಇರುವದರಲ್ಲಿ ಮಾತ್ರ ಅರ್ಥವಿಲ್ಲ.

ಡಾಕ್ಟರ ಶಿ. ರಾ. ರಂಗನಾಥನ್ನರು 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಕ್ಕಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗನು ಸಿಕ್ಕಬೇಕು ಎಂದು ಸಾರಿದರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು 1965ರಲ್ಲಿ ಆಯಿತು. ಹಳ್ಳಿಗಳಲ್ಲಿ ಒಂದು ಕೋಣೆ, ಒಂದು ಮೇಜು, ಎರಡು ಕಪಾಟು, ಅತ್ಯಲ್ಪ ಸಂಬಳದ ಒಬ್ಬ ಮೇಲ್ವಿಚಾರಕ, ಇಷ್ಟರಿಂದಲೇ ಅನೇಕ ಕಡೆ ಕಾರ್ಯ ನಡೆಯಿತು. 1956ರಿಂದ ಹುಬ್ಬಳ್ಳಿಯಿಂದ ಹೊರಡುವ 'ಕಸ್ತೂರಿ'ಯ ಪುಸ್ತಕ ವಿಭಾಗವೂ ಬಡ ವಾಚಕನಿಗೆ ದೊಡ್ಡ ಗ್ರಂಥಗಳ ಸಾರವನ್ನು ಉಣಿಸಿತು. ಗೋಕಾವಿಯಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳನ್ನು ಹುಡುಗರು ಅಕ್ಕಂದಿರಿಗಾಗಿ ಒಯ್ಯುತ್ತಿದ್ದರು. ಹೆಣ್ಣುಮಕ್ಕಳು ವಾಚನಾಲಯದ ಮೆಟ್ಟಿಲು ಹತ್ತದ ಕಾಲವದು. ತಮ್ಮನ ಕೈಯಲ್ಲಿ ಚೀಟಿ ಬರುವದು. ಚೀಟಿಯಲ್ಲಿ ತ್ರಿವೇಣಿಯವರ ಹೆಸರೋ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ನ ಹೆಸರೋ ಇರುವದು. ಆ ಚೀಟಿಯನ್ನು ಬರೆದವಳ ಮುಖವನ್ನು ಗ್ರಂಥಪಾಲಕನು ಎಂದೂ ಕಾಣನು. ಹೀಗೆ ಮರೆಯಲ್ಲಿದ್ದು ಓದಿದವರ ಲೆಕ್ಕವು ಯಾವ ವಹಿಯಲ್ಲಿಯೂ ಸಿಕ್ಕದು. ವಹಿಯಲ್ಲಿರುವದು ತಮ್ಮನ ಹೆಸರು.

ಇನ್ನು ಮೊದಲು ಸೂಚಿಸಿದ ಸಂಗತಿಗೆ ಬರುವೆವು. 1996ನೆಯ ಇಸವಿಯಲ್ಲಿ ಮಠದ ವಾಚನಾಲಯವು ನಮ್ಮ ಸ್ವಾಧೀನಕ್ಕೆ ಬಂದಿತು. ಅದರಲ್ಲಿ ತಾಳೆಗರಿಯ ಕಟ್ಟುಗಳು, ವಚನಗಳು, ಪುರಾಣಗಳು, ವ್ಯಾಕರಣ ಗ್ರಂಥಗಳಿದ್ದವು. ಭಕ್ತರೊಬ್ಬರು ತಮ್ಮ ತಂದೆಯವರ ಹೆಸರಿನಿಂದ ದಾನವಿತ್ತ ಕಾದಂಬರಿಗಳ ಒಂದು ಕಪಾಟೂ ಇತ್ತು. ಪ್ರಸಾದ ನಿಲಯದ ಮಕ್ಕಳಿಗಾಗಿ ನಾವು ಒಂದು ವಹಿಯನ್ನು ಮೇಜಿನ ಮೇಲಿಟ್ಟೆವು: ಓದಿದವರು ಪುಸ್ತಕದ ಹೆಸರನ್ನು ಬರೆದು, ಯಾರು ಓದಬೇಕು, ಏಕೆ ಓದಬೇಕು ಎಂದು ಒಂದೆರಡು ಸಾಲು ಬರೆಯಬೇಕು. ಇದು ನಮ್ಮ ಕಲ್ಪನೆಯೆಂದು ಹಿಗ್ಗಿದ್ದೆವು. ಮೊದಲ ವರ್ಷ ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿ ಕಲ್ಯಾಣ'ದ ಸ್ತುತಿಯೇ ವಹಿಯ ತುಂಬ. 1964ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ, ಬಸವಣ್ಣನವರ ಕಾಲದ ಕಥೆಯಾದ ಆ ಗ್ರಂಥವನ್ನು ನಾವೇ ಮಕ್ಕಳ ಕೈಗೆ ಕೊಟ್ಟಿದ್ದೆವು. ಮಕ್ಕಳು ನಮ್ಮನ್ನು ಮೆಚ್ಚಿಸಲು ಹೊಗಳಿದ್ದರು. ಇದೇನೂ ದೊಡ್ಡ ವಿಷಯವಲ್ಲ.

ಎರಡನೆಯ ವರ್ಷ ರಾಯಬಾಗದ ಕಡೆಯ ಒಬ್ಬ ಹುಡುಗ, ಒಂಬತ್ತನೆಯ ತರಗತಿಯವನು, ಗೋಕಾಕ ತಾಲೂಕಿನವರಾದ ಬಸವರಾಜ ಕಟ್ಟೀಮನಿಯವರ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಓದತೊಡಗಿದನು. 1942ರ ಚಳವಳಿಯ ಕಥೆಯಾದ 'ಮಾಡಿ ಮಡಿದವರು' ಓದಿ ಮುಗಿಸಿ, ಎಲ್ಲರೂ ಓದತಕ್ಕದ್ದೆಂದು ವಹಿಯಲ್ಲಿ ಅರ್ಧ ಪುಟ ಬರೆದನು. ಬಳಿಕ ಒಂದು ಸಂಜೆ ಬಂದು, "ಶಾಸ್ತ್ರಿಗಳ, 'ಜರತಾರಿ ಜಗದ್ಗುರು' ಐತೇನ್ರಿ?" ಎಂದು ಕೇಳಿದನು. ಮಠಾಧಿಪತಿಗಳ ಆಡಂಬರವನ್ನು ಕಟುವಾಗಿ ಹಾಸ್ಯ ಮಾಡಿದ ಕಾದಂಬರಿಯದು. ಅದು ಕಪಾಟಿನಲ್ಲಿತ್ತು, ನಾವೇ ಒಳಗೆ ಸರಿಸಿ ಕೀಲಿ ಹಾಕಿದ್ದೆವು. "ಇಲ್ಲಪಾ" ಎಂದೆವು. ಹುಡುಗ ಏನೂ ಅನ್ನಲಿಲ್ಲ. ದಾನವಿತ್ತ ಪುಸ್ತಕಗಳ ಯಾದಿಯು ಬಾಗಿಲ ಹಿಂದೆ ತೂಗುಹಾಕಿತ್ತೆಂಬದು ನಮಗೆ ಮರೆತಿತ್ತು, ಅವನಿಗೆ ತಿಳಿದಿತ್ತು. ಮರುದಿನ ವಹಿಯಲ್ಲಿ ಒಂದು ಸಾಲು: ಈ ಪುಸ್ತಕ ಇದೆ, ಶಾಸ್ತ್ರಿಗಳು ಇಲ್ಲ ಎನ್ನುತ್ತಾರೆ, ಯಾಕೆಂದು ಓದಿದವರು ಹೇಳಬೇಕು. ಕೆಳಗೆ ಅವನ ರುಜು.

ನಮಗೆ ಸಿಟ್ಟು ಬಂದಿತು. ಆ ಪುಟವನ್ನು ಹರಿಯಬೇಕೆಂದು ಕೈಯನ್ನೂ ಹಾಕಿದೆವು. ಆದರೆ ಅದರ ಹಿಂಬದಿಯಲ್ಲಿ ಬೇರೆ ಮಕ್ಕಳ ಬರಹವಿತ್ತು; ಅದಕ್ಕಾಗಿ ಬಿಟ್ಟೆವು. ವಹಿಯನ್ನೇ ಪೂಜ್ಯರ ಸನ್ನಿಧಿಗೆ ಒಯ್ದು, "ಬುದ್ಧಿ, ಹುಡುಗರು ಹೀಗೆ ಬರೆಯುತ್ತಾರೆ" ಎಂದು ದೂರಿಕೊಂಡೆವು. ಪೂಜ್ಯರು ಓದಿ, ಆ ಪುಸ್ತಕವನ್ನು ಕಳಿಸಿಕೊಡಿರೆಂದು ಮಾತ್ರ ಅಪ್ಪಣೆ ಕೊಡಿಸಿದರು. ಎರಡು ದಿವಸ ಅದು ಅವರ ಬಳಿಯಲ್ಲಿಯೇ ಇತ್ತು. ಮೂರನೆಯ ದಿವಸ ಮರಳಿ ಬಂದಾಗ ಅದರೊಳಗೆ ಒಂದು ಚೀಟಿ ಇತ್ತು: "ಹೊರಗೆ ಇಡುವದು." ನಾವು ಹೊರಗೆ ಇಟ್ಟೆವು. ಹುಡುಗ ಬರಲಿಲ್ಲ. ನಾವಾಗಿ ಅವನನ್ನು ಕರೆದು ಪುಸ್ತಕವನ್ನು ಕೈಗೆ ಕೊಟ್ಟಿದ್ದರೆ ಬಂದಾನಾಗಿತ್ತು; ಶಾಸ್ತ್ರಿಯಾದವನು ಹುಡುಗನ ಮುಂದೆ ತಪ್ಪೊಪ್ಪುವದೆಂತು ಎಂಬ ಬಿಂಕದಿಂದ ಸುಮ್ಮನಿದ್ದೆವು. ಪರೀಕ್ಷೆ ಮುಗಿಸಿ ಅವನು ಊರಿಗೆ ಹೋದನು, ಮುಂದಿನ ವರ್ಷ ನಿಲಯಕ್ಕೆ ಬರಲಿಲ್ಲ. ಅವನು ಈಗೆಲ್ಲಿರುವನೋ, ಓದನ್ನು ಮುಂದುವರಿಸಿರುವನೋ ನಮಗೆ ತಿಳಿಯದು. ಈ ಗ್ರಂಥವು ಭಕ್ತರ ಮನೆಗಳಿಗೆ ಹೋಗುವದರಿಂದ, ಒಂದು ವೇಳೆ ಅವನ ಕಣ್ಣಿಗೆ ಬಿದ್ದೀತೆಂದು ಇಷ್ಟನ್ನು ಬರೆದೆವು. ಚೀಟಿಯು ಪುಸ್ತಕದಲ್ಲಿ ಈಗಲೂ ಇದೆ.

ಅಂದಿನಿಂದ ಯಾವ ಪುಸ್ತಕವನ್ನೂ ನಾವು ಇಲ್ಲವೆಂದಿಲ್ಲ. ಇದರಿಂದ ಮಠದ ಮೇಲಿನ ಭಕ್ತಿಯು ಕಡಿಮೆಯಾಯಿತೆಂದು ಇಷ್ಟು ವರ್ಷಗಳಲ್ಲಿ ಯಾರೂ ನಮಗೆ ಹೇಳಿಲ್ಲ. ಕಡಿಮೆಯಾಗಿರುವದು ಓದುವ ಹೊತ್ತು. ಕೈಯಲ್ಲಿ ಮೊಬಾಯಿಲು ಬಂದಿರುವದು. ಅದನ್ನು ಬೈಯುತ್ತ ಕುಳಿತರೆ ಪುಟ ತುಂಬೀತೇ ಹೊರತು ಕಪಾಟಿನ ಬಾಗಿಲು ತೆರೆಯದು. 2020ರ ನವೆಂಬರದಲ್ಲಿ ಸರಕಾರವು 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನು ಆರಂಭಿಸಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಿಸಿತು. ಚಿಕ್ಕೋಡಿ ತಾಲೂಕಿನ ಚಿಂಚಣಿಯ ಮಠದವರು ಕನ್ನಡ ಗ್ರಂಥಗಳ ಪ್ರಕಾಶನವನ್ನು ನಡೆಸಿಕೊಂಡು ಬಂದಿರುವರು. ಹೆಣ್ಣುಮಕ್ಕಳು ಈಗ ತಮ್ಮ ಹೆಸರಿನಿಂದಲೇ ಪುಸ್ತಕ ಒಯ್ಯುವರು. ನಮ್ಮ ವಹಿಯಲ್ಲಿಯೂ ಈಚೆಗೆ ಅವರ ಬರಹವೇ ಹೆಚ್ಚು. ಅವರ ಅಭಿಪ್ರಾಯಗಳಲ್ಲಿ ನಯವಿಲ್ಲ. ಒಂದು ಪ್ರಸಿದ್ಧ ಕಾದಂಬರಿಯ ಎದುರಿಗೆ, ನೂರು ಪುಟ ಬಿಟ್ಟು ಓದಿರಿ ಎಂದಿದೆ. ನಾವು ಓದಿ ನೋಡಿದೆವು, ಮಾತು ಸುಳ್ಳಲ್ಲ.

ಕಳೆದ ತಿಂಗಳು ಎಂಟನೆಯ ತರಗತಿಯ ಹುಡುಗಿಯೊಬ್ಬಳು 'ಯಯಾತಿ'ಯ ಕನ್ನಡ ಪ್ರತಿಯನ್ನು ಮರಳಿಸಿ, ದೇವಯಾನಿಯ ಮಾತುಗಳು ಮರಾಠಿಯಲ್ಲಿ ಹೇಗಿವೆಯೋ ನೋಡಬೇಕು, ತನ್ನ ಅಜ್ಜಿಗೆ ಮರಾಠಿ ಬರುವದು, ಮೂಲ ಪುಸ್ತಕವನ್ನು ತರಿಸಿಕೊಡಬೇಕು ಎಂದು ವಹಿಯಲ್ಲಿ ಬರೆದಿರುವಳು. ನಮ್ಮ ಕಪಾಟಿನಲ್ಲಿ ಅದು ಇಲ್ಲ. ಈ ಸಲ ನಿಜವಾಗಿಯೂ ಇಲ್ಲ. ಬರುವ ಗುರುವಾರ ನಿಪ್ಪಾಣಿಗೆ ಹೋಗುವವರ ಕೈಯಲ್ಲಿ ದುಡ್ಡು ಕೊಟ್ಟಿರುವೆವು.